ಆ ಬೋಳು ಬಯಲಲ್ಲಿ ಏನಿದೆ ಅಂತ ಕೇಳುವವರಿಗೆ

"ಅಲ್ಲಿ ಏನಿದೆ ಅಂತ ಹೋಗ್ತೀರಾ? ಒಂದು ಮರಾನೂ ಇಲ್ಲ." ನಾನು ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡ ಕೂಡಲೇ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅಲ್ಲಿ ನೆಲಗುಬ್ಬಿ ಇದೆ.

"ಗುಬ್ಬಿ ನಮ್ಮ ಬೀದೀಲೂ ಇದೆಯಲ್ಲ" ಅನ್ನಬೇಡಿ, ಅದೂ ಕೇಳಿ ಆಗಿದೆ. ಇದು ಬಾನಾಡಿಗಳ, ಅಂದರೆ ಇಂಗ್ಲಿಷಿನಲ್ಲಿ ಲಾರ್ಕ್ ಅನ್ನುವ ಹಕ್ಕಿಗಳ ಕುಟುಂಬದ್ದು, ಮನೆಗುಬ್ಬಿಗಿಂತ ಚಿಕ್ಕದು. ಗಂಡಿಗೆ ಬೂದು ನೆತ್ತಿ, ಬಿಳಿ ಕೆನ್ನೆ, ಗಲ್ಲದಿಂದ ಹೊಟ್ಟೆಯವರೆಗೆ ಅಚ್ಚಕಪ್ಪು. ಹೆಣ್ಣು ಪೂರ್ತಿ ಮಣ್ಣಿನ ಬಣ್ಣ, ಕಾಲ ಬುಡದಲ್ಲೇ ಇದ್ದರೂ ಕಾಣುವುದಿಲ್ಲ. ಭಾರತ ಉಪಖಂಡ ಬಿಟ್ಟರೆ ಬೇರೆಲ್ಲೂ ಈ ಹಕ್ಕಿ ಇಲ್ಲ.

ಹೆಣ್ಣನ್ನು ಒಲಿಸುವಾಗ ಗಂಡು ರೆಕ್ಕೆ ಬಡಿಯುತ್ತಾ ನೆಟ್ಟಗೆ ಮೇಲೇರುತ್ತದೆ. ಆಮೇಲೆ ರೆಕ್ಕೆ ಮಡಚಿ ತಲೆಕೆಳಗಾಗಿ ಬೀಳುತ್ತದೆ, ಉದ್ದಕ್ಕೂ ಸಿಳ್ಳೆ ಎಳೆಯುತ್ತಾ. ಬಿತ್ತಲ್ಲಪ್ಪಾ ಅನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿ ಮತ್ತೆ ಮೇಲಕ್ಕೆ!

ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಇದನ್ನೆಲ್ಲ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ತುಂಬಾ ಪ್ರೀತಿಯಿಂದ, "ಹಾಗಾದ್ರೆ ಅಲ್ಲಿ ಸಾವಿರ ಸಸಿ ನೆಡಿಸಿ ಸಾರ್, ಹಕ್ಕಿಗಳಿಗೂ ಆಸರೆ ಆಗುತ್ತೆ" ಅಂದರು. ಅನ್ನ ಗಂಟಲಲ್ಲೇ ನಿಂತಿತು. ನೆಲಗುಬ್ಬಿ ಮರದಲ್ಲಿ ಕೂರುವ ಹಕ್ಕಿಯೇ ಅಲ್ಲ ಸ್ವಾಮಿ. ಬಯಲಿಗೆ ನೀಲಗಿರಿ ತೋಪು ಬಂದರೆ ಅದು ಜಾಗ ಖಾಲಿ ಮಾಡಬೇಕು, ಅಷ್ಟೇ. ಅವರೊಬ್ಬರನ್ನೇ ದೂರಿ ಏನು ಪ್ರಯೋಜನ? 2019ರ ವೇಸ್ಟ್‌ಲ್ಯಾಂಡ್ ಅಟ್ಲಾಸ್ ಅಂತ ಸರ್ಕಾರದ್ದೇ ಪುಸ್ತಕ ಇದೆ. ಅದರಲ್ಲಿ ಕುರುಚಲು ಬಯಲೂ ಪಾಳುಭೂಮಿಯ ಲೆಕ್ಕಕ್ಕೇ ಸೇರುತ್ತದೆ.

ಇಷ್ಟು ಜನ ಕೇಳುತ್ತಾರಲ್ಲ, ಒಬ್ಬರಾದರೂ "ಮರ ಇಲ್ಲದಿದ್ರೆ ಗೂಡೆಲ್ಲಿ ಕಟ್ಟುತ್ತೆ?" ಅಂತ ಕೇಳಬಾರದಾ? ಒಳ್ಳೇ ಪ್ರಶ್ನೆ ಅದು, ನಾನೇ ಕೇಳಿಕೊಂಡು ಉತ್ತರಿಸುತ್ತೇನೆ. ನೆಲದಲ್ಲೇ! ಒಂದು ಸಣ್ಣ ಗುಳಿ, ದನದ ಗೊರಸು ಊರಿದ ಗುರುತಿನಷ್ಟು. ಒಳಗೆ ಒಣಹುಲ್ಲು, ಕೂದಲು. ಅಂಚಿಗೆ ಪುಟಾಣಿ ಕಲ್ಲು, ಮಣ್ಣಿನ ಹೆಂಟೆ. ಚುಕ್ಕೆ ಚುಕ್ಕೆಯ ಎರಡೋ ಮೂರೋ ಮೊಟ್ಟೆ. ಎಷ್ಟೋ ಸಲ ಹುಲ್ಲಿನ ಬುಡವನ್ನೋ ಹೆಂಟೆಯನ್ನೋ ಮರೆ ಮಾಡಿಕೊಂಡಿರುತ್ತದೆ, ಆ ಸುಡುಬಿಸಿಲಲ್ಲಿ ಅಷ್ಟು ನೆರಳೂ ಬೇಕಲ್ವಾ? ಕಾವು ಕೊಡಲು ಗಂಡೂ ಕೂರುತ್ತದೆ.

ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಬಯಲಿಗೋ ತುಮಕೂರು ಜಿಲ್ಲೆಯ ಮೈದನಹಳ್ಳಿ ಬಯಲಿಗೋ ನನ್ನ ಜೊತೆ ಬರುವುದಾದರೆ ಬನ್ನಿ. ಆದರೆ ಕಾಲುದಾರಿ ಬಿಟ್ಟು ನಡೆಯಬೇಡಿ. ಕಾರನ್ನಂತೂ ಹುಲ್ಲಿಗೆ ಇಳಿಸಲೇಬೇಡಿ. "ಖಾಲಿ ಜಾಗ ತಾನೇ" ಅಂದರೆ ವಾಪಸ್ ಬರುವಾಗ ಬಸ್ಸಿಗೆ ನೀವೇ ಟಿಕೆಟ್ ತಗೊಳ್ಳಿ.