ಬೇಕಾ, ಬೇಕು, ಬೇಡ

ನಮ್ಮ ಮಗ ಪುಟ್ಟ, ಬಾಯಾರಿಕೆಯಾದರೆ ಅಡುಗೆಮನೆಗೆ ಬಂದು "ನೀರು ಬೇಕಾ ಪುಟ್ಟಾ?" ಅನ್ನುತ್ತಿದ್ದ. ಥೇಟ್ ನನ್ನದೇ ರಾಗ. ಬಂದವರೆಲ್ಲ ನಗುತ್ತಿದ್ದರು, ಮೊದಮೊದಲು ನಾನೂ ನಕ್ಕಿದ್ದೆ. ಆಟಿಸಂ ಇರುವ ಎಷ್ಟೋ ಮಕ್ಕಳು ಹೀಗೆ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಾರೆ, ಅದಕ್ಕೆ ಎಕೊಲೇಲಿಯಾ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಗಿಳಿಪಾಠ ಅಂತ ತಳ್ಳಿಹಾಕಬೇಡಿ. ಅಮ್ಮ ಈ ಮಾತು ಅಂದ ಮೇಲೆ ನೀರು ಬರುತ್ತೆ, ಹಾಗಾದರೆ ನಾನೂ ಇದನ್ನೇ ಅಂದರೆ ನೀರು ಬರಬೇಕು. ಅವನ ಲೆಕ್ಕ ಸರಿಯಾಗೇ ಇತ್ತು, ಪಾಠ ತಪ್ಪಾಗಿ ಕೊಟ್ಟವಳು ನಾನು.

ಅವತ್ತಿಂದ ಪ್ರಶ್ನೆ ಕೇಳುವುದನ್ನು ಆದಷ್ಟು ಕಡಿಮೆ ಮಾಡಿದೆ. ಅವನು ಲೋಟದ ಕಡೆ ನೋಡಿದರೆ ಅವನು ಹೇಳಬೇಕಾದ ಮಾತನ್ನೇ ನಾನು ಹೇಳುವುದು, "ನೀರು ಬೇಕು". ಎರಡೇ ಪದ. ಹೇಳಿ ನೀರು ಕೊಟ್ಟುಬಿಡುವುದು, "ಹೇಳು ಹೇಳು" ಅಂತ ಪೀಡಿಸುವುದಿಲ್ಲ. ಕೆಲವೊಮ್ಮೆ ಮಾತ್ರ ಅವನೇ ಕೇಳಲಿ ಅಂತ ಲೋಟ ಹಿಡಿದು ಮನಸ್ಸಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಇದು ಎಷ್ಟು ಕಷ್ಟ ಅಂತ ನಮ್ಮತ್ತೆಯನ್ನು ಕೇಳಿ! ಮಗು ತಲೆ ಎತ್ತುವಷ್ಟರಲ್ಲಿ ಅವರ ಕೈಯಲ್ಲಿ ರಸ್ಕ್ ರೆಡಿ, ಇನ್ನು ಅವನು ಕೇಳುವುದಾದರೂ ಯಾಕೆ? ಕೊನೆಗೆ ರಸ್ಕ್ ಡಬ್ಬವನ್ನು ಕಣ್ಣಿಗೆ ಕಾಣುವ ಹಾಗೆ, ಕೈಗೆ ಸಿಗದ ಹಾಗೆ ಮೇಲಿಟ್ಟೆವು.

ಚಿತ್ರದ ಚೀಟಿಗಳೂ ಇವೆ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಪೆಕ್ಸ್ ಅನ್ನುವ ಪದ್ಧತಿಯಲ್ಲಿ ಮಗು ಚಿತ್ರ ಕೈಗೆ ಕೊಟ್ಟು ತನಗೆ ಬೇಕಾದ್ದನ್ನು ಪಡೆಯುತ್ತದೆ. ನಾವು ತಂದ ಕಾರ್ಡುಗಳಲ್ಲಿ ಗಾಜಿನ ಗ್ಲಾಸಿನ ಕಾರ್ಟೂನ್ ಇತ್ತು, ಪುಟ್ಟನಿಗೆ ಅದು ಏನೂ ಅಲ್ಲ. ನಮ್ಮನೆ ಸ್ಟೀಲ್ ಲೋಟದ್ದೇ ಫೋಟೊ ತೆಗೆದು, ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿಗೆ ಅಂಟಿಸಿದ ಮೇಲೆ ಕೆಲಸ ನಡೆಯಿತು. ಚಿತ್ರ ಕೊಟ್ಟರೆ ಮಾತು ನಿಂತುಹೋಗುತ್ತೆ ಅಂತ ನೆಂಟರು ಹೆದರಿಸಿದರು. ಹಾಗೇನೂ ಆಗಲ್ಲ.

ಇಂಗ್ಲಿಷ್ ಒಂದರಲ್ಲೇ ಮಾತಾಡಿ ಅಂತ ಸಲಹೆ ಕೊಟ್ಟವರೂ ಇದ್ದರು. ಮೂರು ತಿಂಗಳು ಪಾಲಿಸಿದೆವು, ಅತ್ತೆ ಮೊಮ್ಮಗನ ಹತ್ತಿರ ಮಾತೇ ಬಿಟ್ಟರು. ಎರಡು ಭಾಷೆ ಕೇಳುವುದರಿಂದ ಈ ಮಕ್ಕಳ ಮಾತು ಹಿಂದೆ ಬೀಳುತ್ತೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ನಾವು ಮೈಸೂರಿನವರು, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲೇ ಇದೆ, ಮಾತಿನ ತೊಂದರೆ ಬಗ್ಗೆ ಹೋಗಿ ಕೇಳಬಹುದು. ಅಂಥ ಜಾಗ ಹತ್ತಿರವಿಲ್ಲದವರು ಇಂಥ ಸಲಹೆ ಕೇಳಿ ಎಷ್ಟು ದಿನ ಮನೆಮಾತು ಕಳೆದುಕೊಳ್ಳುತ್ತಾರೋ.

ನಾವು ಎಲ್ಲಕ್ಕಿಂತ ತಡವಾಗಿ ಕಲಿಸಿದ್ದು "ಬೇಡ". ಅದನ್ನೇ ಮೊದಲು ಕಲಿಸಬೇಕಿತ್ತು ಅಂತ ಈಗ ಅನ್ನಿಸುತ್ತೆ. ತಟ್ಟೆ ಎಸೆಯುವುದು, ಕೈ ಕಚ್ಚುವುದು, ಇದೆಲ್ಲ ಹಟ ಅಂದುಕೊಂಡಿದ್ದೆವು. ಅರ್ಧಕ್ಕರ್ಧ "ಬೇಡ"ವೇ ಆಗಿತ್ತು. ಅಂಗೈ ಅಡ್ಡ ಹಿಡಿದ ಚಿತ್ರ ಬರೆದು ಒಂದು ಚೀಟಿ ಮಾಡಿದೆ. ಅದನ್ನು ಕೊಟ್ಟರೆ ನಾವು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಅದು ಸುಮ್ನೆ ಕಾಗದ. ಔಷಧಿಯಂಥದ್ದಕ್ಕೆ ಬೇಡ ಅನ್ನಲು ಬಿಡೋಕಾಗಲ್ಲ, ಅಲ್ವಾ? ಹಾಗಾಗಿ ಅಲ್ಲಿ "ಕುಡೀತೀಯಾ?" ಅಂತ ಕೇಳುವುದೇ ಇಲ್ಲ. "ಮೊದಲು ಔಷಧಿ, ಆಮೇಲೆ ಉಯ್ಯಾಲೆ" ಅಂತ ಎರಡು ಚಿತ್ರ ತೋರಿಸುತ್ತೇನೆ.

ಕಳೆದ ಭಾನುವಾರ ತಲೆಗೆ ಎಣ್ಣೆ ಹಚ್ಚಲು ಬಟ್ಟಲು ಹಿಡಿದು ಹೋದೆ. ಎದ್ದು ಹೋಗಿ ಫ್ರಿಜ್ಜಿನಿಂದ ಅಂಗೈ ಚೀಟಿ ಕಿತ್ತು ತಂದು ನನ್ನ ಕೈಗಿಟ್ಟ. ಜೊತೆಗೆ, ನನ್ನದೇ ರಾಗದಲ್ಲಿ, "ಬೇಡ್ವಾ ಪುಟ್ಟಾ?" ಬಟ್ಟಲು ಒಳಗಿಟ್ಟೆ.