ಕೊಯಾಸಾನ್ ಬೆಟ್ಟದಲ್ಲಿ ಯಾರನ್ನೂ ಕೇಳದೆ ಉಂಡ ಊಟ

ಜಪಾನಿನಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ನಿಜವಾದ ಕಷ್ಟ ಮಾಂಸದ್ದಲ್ಲ, ಸಾರಿನದು. ಬಟ್ಟಲಲ್ಲಿ ಬರೀ ತರಕಾರಿ, ನೂಡಲ್ಸ್ ಕಾಣುತ್ತದೆ, ಆದರೆ ಅದನ್ನು ಬೇಯಿಸಿದ ದಾಶಿ ಅನ್ನೋ ತಿಳಿಸಾರನ್ನು ಹೆಚ್ಚಾಗಿ ಒಣಮೀನಿನಿಂದ ಮಾಡಿರುತ್ತಾರೆ. ಐದು ದಿನ ಹೋದಲ್ಲೆಲ್ಲ ಫೋನಿನಲ್ಲಿ ಬರೆದು ತೋರಿಸಿ, ಕೇಳಿ, ಆಮೇಲೂ ಅನುಮಾನದಲ್ಲೇ ಉಂಡಿದ್ದೆ. ಆರನೇ ದಿನ ಬೌದ್ಧ ದೇವಸ್ಥಾನಗಳ ಬೆಟ್ಟದೂರಾದ ಕೊಯಾಸಾನ್‌ಗೆ ಹೊರಟೆ.

ಒಸಾಕಾದ ನಂಬಾದಿಂದ ಗೊಕುರಕುಬಾಶಿವರೆಗೆ ರೈಲು, ಅಲ್ಲಿಂದ ಕಡಿದಾದ ಬೆಟ್ಟಕ್ಕೆ ಕೇಬಲ್ ಕಾರ್, ಆಮೇಲೆ ಬಸ್ಸು. ಸುಮಾರು 800 ಮೀಟರ್ ಎತ್ತರ, ಸುತ್ತ ಜಪಾನಿ ದೇವದಾರು (ಸುಗಿ) ಮರಗಳು. 816ರಲ್ಲಿ ಕೂಕಾಯ್ ಎಂಬ ಬೌದ್ಧ ಗುರು ಸ್ಥಾಪಿಸಿದ ಜಾಗ ಇದು. ಈಗ ಇಲ್ಲಿನ ಸುಮಾರು 50 ದೇವಸ್ಥಾನಗಳಲ್ಲಿ ರಾತ್ರಿ ಉಳಿಯಬಹುದು.

ಸಂಜೆ ಐದೂವರೆಗೇ ಊಟ. ಬೇಗ ಅಲ್ವಾ? ಚಾಪೆ ಹಾಸಿದ ಕೋಣೆಗೆ ಒಬ್ಬ ಯುವ ಭಿಕ್ಷು ಅರಗಿನ ಬಣ್ಣದ ಪುಟ್ಟ ಪೀಠಗಳನ್ನು ತಂದಿಟ್ಟರು, ಒಂದೊಂದರ ಮೇಲೂ ನಾಲ್ಕೈದು ಬಟ್ಟಲು. ಇದಕ್ಕೆ ಶೋಜಿನ್ ರ್ಯೋರಿ ಅನ್ನುತ್ತಾರೆ. ಮಾಂಸ, ಮೀನು ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠಗಳಲ್ಲಿ ಉಂಡವರಿಗೆ ಇದು ಹೊಸದೇನಲ್ಲ.

ಮೊದಲು ಬಾಯಿಗಿಟ್ಟದ್ದು ಗೋಮಾ ದೋಫು. ಹೆಸರಲ್ಲಿ ತೋಫು ಇದ್ದರೂ ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಹಾಲು ಸೋಸಿ, ಕುಡ್ಜು ಬಳ್ಳಿಯ ಬೇರಿನ ಹಿಟ್ಟು ಕಲಸಿ, ಕೈ ಬಿಡದೆ ಒಲೆ ಮೇಲೆ ತಿರುವುತ್ತಾರೆ. ಥೇಟ್ ನಮ್ಮ ಹಾಲುಬಾಯಿ ಮಾಡುವ ಹಾಗೆ! ಬೆಲ್ಲ ಇಲ್ಲ, ಅಷ್ಟೆ. ಮೇಲೆ ಚೂರು ಖಾರದ ವಸಾಬಿ, ಎರಡು ಹನಿ ಸೋಯಾ ಸಾಸ್. ನಾಲಿಗೆ ಮೇಲೆ ಜಾರಿ ಕರಗಿದ ಮೇಲೂ ಎಳ್ಳಿನ ಘಮ ಉಳಿದಿತ್ತು. ಇನ್ನೊಂದು ಬಟ್ಟಲಲ್ಲಿ ಕೊಯಾ ದೋಫು, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿದ ತೋಫು, ಸಿಹಿ ಸಾರಿನಲ್ಲಿ ಬೆಂದದ್ದು. ಸಾಂಬಾರಿನಲ್ಲಿ ನೆಂದ ವಡೆ ಕಚ್ಚಿದ ಹಾಗೆ ರಸ ಬಾಯಿ ತುಂಬಿತು. ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ ಟೆಂಪುರಾ, ಉಪ್ಪಿನಕಾಯಿ, ಅನ್ನ ಕೂಡ ಇತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಮಾತ್ರ ಸಾರು. ಇಲ್ಲಿ ದಾಶಿ ಮಾಡುವುದು ಕೊಂಬು ಎಂಬ ಕಡಲಕಳೆ ಮತ್ತು ಒಣ ಶಿಟಾಕೆ ಅಣಬೆಯಿಂದ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸುಮ್ನೆ ಕುಡಿದೆ. ಯಾರನ್ನೂ ಏನೂ ಕೇಳಲಿಲ್ಲ. ಆರು ದಿನದಲ್ಲಿ ಅದೇ ಮೊದಲು. ಕಣ್ಣು ಒದ್ದೆಯಾಯಿತು.

ಮರುದಿನ ಬೆಳಗಿನ ಪೂಜೆ ಮುಗಿಸಿ ಕೂಕಾಯ್ ಸಮಾಧಿಯಿರುವ ಓಕುನೋಯಿನ್‌ಗೆ ನಡೆದೆ. ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಪಾಚಿ ಹಿಡಿದ ಸಮಾಧಿಗಳು. ಕೂಕಾಯ್ 835ರಿಂದ ಅಲ್ಲಿ ಧ್ಯಾನದಲ್ಲೇ ಇದ್ದಾರೆ ಎಂದು ಇಲ್ಲಿನವರು ನಂಬುತ್ತಾರೆ, ಅದಕ್ಕೇ ದಿನಕ್ಕೆರಡು ಸಲ ಅವರಿಗೆ ಊಟ ಹೋಗುತ್ತದೆ. ಹತ್ತೂವರೆಗೆ ಭಿಕ್ಷುಗಳು ಮರದ ಪೆಟ್ಟಿಗೆ ಹೊತ್ತು ಬಂದರು. ಆ ಊಟದ ರುಚಿಯನ್ನು ಮೊದಲು ನೋಡುವವನು ಎನ್ನುವ ಜಿಜೋ ದೇವರ ಪುಟ್ಟ ಗುಡಿಯ ಮುಂದೆ ನಿಂತು, ಆಮೇಲೆ ಸೇತುವೆ ದಾಟಿದರು. ಸೇತುವೆಯಿಂದಾಚೆ ಫೋಟೋ ತೆಗೆಯುವ ಹಾಗಿಲ್ಲ. ಫೋನು ಜೇಬಿಗೆ ಹಾಕಿಕೊಂಡು ಅವರ ಹಿಂದೆಯೇ ನಡೆದೆ.