ಬಿಸಿಯಾದರೆ ಆರುವ ಕಿಡಿ: ಮೈಸೂರು ದಾರಿಗೆ ಯೆಜ್ಡಿಯ ತಯಾರಿ

ಆರು ವಾರಗಳಿಂದ ಹೊಳಲ್ಕೆರೆಯನ್ನು ದಾಟಲು ಒಪ್ಪದಿದ್ದ ನನ್ನ 1980ರ ಯೆಜ್ಡಿ 250 ಮೋಟಾರ್‌ಸೈಕಲ್, ಕಳೆದ ಭಾನುವಾರ ದಾವಣಗೆರೆಯಿಂದ ಹೊಸದುರ್ಗಕ್ಕೆ ಹೋಗಿ, ಮಧ್ಯದಲ್ಲಿ ಒಮ್ಮೆಯೂ ತಾನಾಗಿ ನಿಲ್ಲದೆ ಮನೆಗೆ ಮರಳಿತು. ಬೋರ್, ಪಿಸ್ಟನ್, ಕ್ರ್ಯಾಂಕಿನ ಆಯಿಲ್ ಸೀಲ್, ಕ್ಲಚ್ ಪ್ಲೇಟುಗಳ ಕೆಲಸವೆಲ್ಲ ಬೇಸಿಗೆಯಲ್ಲಿಯೇ ಮುಗಿದಿತ್ತು. ಆ ಹಂತಗಳಲ್ಲಿ ಈ ಹವ್ಯಾಸದವರಿಗೆ ಹೊಸದಾಗಿ ಹೇಳುವಂಥದ್ದೇನೂ ಇಲ್ಲವಾದ್ದರಿಂದ, ನಮ್ಮನ್ನು ಇಷ್ಟು ದಿನ ಸತಾಯಿಸಿದ ಒಂದೇ ಒಂದು ದೋಷದ ಕುರಿತು ವಿವರವಾಗಿ ಬರೆಯುತ್ತೇನೆ.

ನಮ್ಮ ಗುರಿ ಮೈಸೂರು. 1960ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಯಾದವಗಿರಿಗೆ, ಅಲ್ಲಿಯೇ ಹುಟ್ಟಿದ ಈ ಗಾಡಿಯನ್ನು ಅದರದೇ ಕಾಲ ಮೇಲೆ ಕರೆದುಕೊಂಡು ಹೋಗಬೇಕೆಂಬುದು ನನ್ನ ಬಹುದಿನದ ಆಸೆ. ಹೆದ್ದಾರಿಯಲ್ಲಿ ಹೋದರೆ ಗಾಡಿಗೂ ನಮಗೂ ಸುಖವಿಲ್ಲ. ಆದ್ದರಿಂದ ಮಾಯಕೊಂಡ, ಚಿಕ್ಕಜಾಜೂರು, ಹೊಳಲ್ಕೆರೆ, ಹೊಸದುರ್ಗ, ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ನಾಗಮಂಗಲ, ಪಾಂಡವಪುರ ಎಂದು ಒಳದಾರಿಯನ್ನೇ ಗುರುತು ಹಾಕಿಕೊಂಡಿದ್ದೇವೆ. ಜೊತೆಗೆ ಬರುವವನು ಶಾಲೆಯ ದಿನಗಳಿಂದಲೂ ಗೆಳೆಯ. ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಅವನದು. ಅವನ ಸ್ಪ್ಲೆಂಡರಿನ ಹಿಂದೆ ಕಟ್ಟಿದ ಗೋಣಿಚೀಲದಲ್ಲಿ ಸ್ಪ್ಯಾನರುಗಳೂ ಪೆಟ್ರೋಲಿಗೆ ಬೆರೆಸುವ ಎರಡು ಲೀಟರ್ ಟೂಟಿ ಆಯಿಲ್ಲೂ ಇರುತ್ತವೆ.

ದೋಷದ ನಡವಳಿಕೆ ಹೀಗಿತ್ತು. ಬೆಳಗಿನ ತಂಪಿನಲ್ಲಿ ಎಂಜಿನ್ ಮೊದಲ ಕಿಕ್‌ಗೇ ಎದ್ದು, ಮಾಯಕೊಂಡದವರೆಗೆ ಒಂದೇ ಲಯದಲ್ಲಿ ಹೋಗುತ್ತಿತ್ತು. ಅಲ್ಲಿಂದ ಮುಂದೆ ರೈತರು ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ. ಅದರ ಅಂಚಿನಲ್ಲಿ ಕಲ್ಲಿಟ್ಟ ಸಾಲನ್ನು ತಪ್ಪಿಸಿಕೊಂಡು ಎರಡನೇ ಗೇರಿನಲ್ಲಿ ನಿಧಾನವಾಗಿ ಸಾಗುವಾಗ ಮೊದಲು ಒಂದೆರಡು ಬಾರಿ ಕೆಮ್ಮಿ, ಸೈಲೆನ್ಸರಿನಲ್ಲಿ ಪಟಾರ್ ಎಂದು ಸಿಡಿದು, ಎಂಜಿನ್ ನಿಂತುಬಿಡುತ್ತಿತ್ತು. ಎಷ್ಟು ಕಿಕ್ ಹೊಡೆದರೂ ಏಳುತ್ತಿರಲಿಲ್ಲ. ಅರ್ಧ ಗಂಟೆ ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗದಂತೆ ಎದ್ದು, ಮತ್ತೆ ಹತ್ತು ಕಿಲೋಮೀಟರಿಗೆ ಅದೇ ಕಥೆ.

ಪ್ಲಗ್ ಬಿಚ್ಚಿದರೆ ಒದ್ದೆಯಾಗಿತ್ತು. ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಗಿದ್ದರೂ ನಾನು ಕಾರ್ಬೊರೇಟರ್ ಉಕ್ಕಿ ಹರಿಯುತ್ತಿದೆ ಎಂದು ತೀರ್ಮಾನಿಸಿ ಫ್ಲೋಟ್, ನೀಡಲ್, ಜೆಟ್‌ಗಳನ್ನು ಮೂರು ಬಾರಿ ತೊಳೆದೆ. ಈಗಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಊದಿಸುವುದರಿಂದ ಪೈಪು, ವಾಷರುಗಳನ್ನೂ ಬದಲಿಸಿದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವನ್ನು ಸೂಜಿಯಿಂದ ಬಿಡಿಸಿದೆ. ಕೊನೆಗೆ ಪ್ಲಗ್‌ನ ಕಿಡಿಗೆ ವೋಲ್ಟ್ ಏರಿಸಿ ಕೊಡುವ ಇಗ್ನಿಷನ್ ಕಾಯಿಲನ್ನೇ ಹೊಸದು ಹಾಕಿದೆ. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಕಂಡೆನ್ಸರನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ಅದು ಬೇಸಿಗೆಯಲ್ಲಿ ತಂದ ಹೊಸ ಸಾಮಾನು, ಮೀಟರಿನಲ್ಲಿಯೂ 0.21 ಮೈಕ್ರೋಫ್ಯಾರಡ್ ಎಂದು ಸರಿಯಾಗಿಯೇ ತೋರಿಸಿತ್ತು.

ದಾರಿ ತೋರಿಸಿದ್ದು ಕತ್ತಲು. ಚಿಕ್ಕಜಾಜೂರಿನ ರೈಲ್ವೆ ಗೇಟಿನ ಹತ್ತಿರ ಒಂದು ಸಂಜೆ ಗಾಡಿ ನಿಂತಾಗ, ಬಲಗಡೆಯ ಕವರ್ ಬಿಚ್ಚಿಟ್ಟು ನಾನು ಕಿಕ್ ಹೊಡೆಯುತ್ತಿದ್ದೆ. ಗೆಳೆಯ ಕುಕ್ಕರುಗಾಲಿನಲ್ಲಿ ಕುಳಿತು ಪಾಯಿಂಟ್ಸ್ (ಕಾಯಿಲಿನ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಕಡೆಗೇ ನೋಡುತ್ತಿದ್ದವನು, "ಲೇ ದೋಸ್ತ, ಇಲ್ಲಿ ನೋಡೋ, ವೆಲ್ಡಿಂಗ್ ಹೊಡ್ದಂಗ ಆಗಾಕತ್ತೈತಿ!" ಎಂದು ಕೂಗಿದ. ಬಗ್ಗಿ ನೋಡಿದೆ. ಪಾಯಿಂಟ್ಸ್ ಬಾಯಿ ಬಿಟ್ಟಾಗಲೆಲ್ಲ ಅವುಗಳ ನಡುವೆ ನೀಲಿ ಮಿಶ್ರಿತ ಬಿಳಿ ಬೆಳಕು ಚಟ್ ಎಂದು ಹತ್ತುತ್ತಿತ್ತು. ಪಾಯಿಂಟ್ಸ್‌ನ ಮುಖವನ್ನು ಒರೆಸಿ ಟಾರ್ಚ್ ಹಿಡಿದರೆ ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳಿ, ಎದುರಿನ ತುದಿಯಲ್ಲಿ ಅಷ್ಟೇ ಗಾತ್ರದ ಮೊನೆ. ಒಂದರ ಲೋಹ ಕಿತ್ತು ಇನ್ನೊಂದಕ್ಕೆ ಅಂಟಿಕೊಂಡಿತ್ತು.

ಪಾಯಿಂಟ್ಸ್ ತೆರೆದ ಕ್ಷಣದಲ್ಲಿ ಕಾಯಿಲಿನ ಕಾಂತಕ್ಷೇತ್ರ ಕುಸಿದು, ಅದರ ಪ್ರೈಮರಿ (ಮೊದಲ) ಸುತ್ತಿನಲ್ಲಿಯೇ ಕೆಲವು ನೂರು ವೋಲ್ಟ್ ಹುಟ್ಟುತ್ತದೆ. ಅದನ್ನು ಹೀರಿಕೊಳ್ಳಲು ಕಂಡೆನ್ಸರ್ ಇದ್ದರೆ ವಿದ್ಯುತ್ ಥಟ್ಟನೆ ಕಡಿಯುತ್ತದೆ, ಪ್ಲಗ್ ಕಡೆಗಿನ ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಏರಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಕಂಡೆನ್ಸರ್ ಕೈಕೊಟ್ಟರೆ ಆ ಶಕ್ತಿಯೆಲ್ಲ ಪಾಯಿಂಟ್ಸ್ ನಡುವೆಯೇ ಉರಿದು ಹೋಗುತ್ತದೆ. ಹಾಗಾದರೆ ಮೀಟರಿನಲ್ಲಿ ಸರಿಯಾಗಿದ್ದ ಕಂಡೆನ್ಸರ್ ದಾರಿಯಲ್ಲಿ ಏಕೆ ಕೈಕೊಟ್ಟಿತು? ಪರೀಕ್ಷೆ ತಣ್ಣಗಿದ್ದಾಗ ನಡೆದಿತ್ತು, ಕೆಲಸ ಬಿಸಿಯಲ್ಲಿ ನಡೆಯಬೇಕಿತ್ತು.

ಮರುದಿನ ಗೆಳೆಯನ ಅಂಗಡಿಯಲ್ಲಿ ಕಂಡೆನ್ಸರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ವೈರುಗಳನ್ನು ಹೊರಗೆ ಬಿಟ್ಟು, ಕುದಿಯುವ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟೆವು. ಐದು ನಿಮಿಷ 0.21 ಅಲುಗಾಡಲಿಲ್ಲ. ಏಳನೇ ನಿಮಿಷದಲ್ಲಿ ಅಂಕಿ ಹೊಯ್ದಾಡಿ, ಒಮ್ಮೆಲೇ 0.03ಕ್ಕೆ ಇಳಿಯಿತು. ಹೊರಗೆ ತೆಗೆದು ಆರಿಸಿದರೆ ಮತ್ತೆ 0.21. ಒಳಗಿನ ಜೋಡಣೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತಿತ್ತೆಂಬುದರಲ್ಲಿ ನಮಗೆ ಅನುಮಾನ ಉಳಿಯಲಿಲ್ಲ. ಆರು ವಾರಗಳ ಪ್ರಶ್ನೆಗೆ ಆ ಪಾತ್ರೆ ಉತ್ತರ ಕೊಟ್ಟಾಗ ಇಬ್ಬರೂ ಎದ್ದು ನಿಂತು ಕೈ ಕುಲುಕಿದೆವು.

ಬಿಡಿಭಾಗದ ಅಂಗಡಿಯವರ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಹೇಳಲೇಬೇಕು. "ಹಳೇ ಸ್ಟಾಕ್ ಸಾರ್, ಕಂಪನಿದೇ" ಎಂದು ಹೆಚ್ಚಿನ ಬೆಲೆಗೆ ಕೊಟ್ಟ ಇನ್ನೂ ಮೂರು ಕಂಡೆನ್ಸರುಗಳನ್ನು ಅದೇ ನೀರಿಗೆ ಇಳಿಸಿದೆವು. ಒಂದು ಮೊದಲಿನದರಂತೆಯೇ ಕೈಬಿಟ್ಟಿತು. ಇನ್ನೊಂದನ್ನು ಬಿಸಿ ಇದ್ದಾಗಲೇ ವಿದ್ಯುತ್ ಸೋರಿಕೆ ಪರೀಕ್ಷಿಸುವ ಮೆಗ್ಗರಿಗೆ ಹಚ್ಚಿದರೆ ಮುಳ್ಳು ಸೊನ್ನೆಗೆ ಬಿತ್ತು. ಮೂರನೆಯದು ಪಾಸಾದರೂ ಅದರ ಮೇಲಿನ ಅಕ್ಷರಗಳು ಉಗುರಿಗೇ ಕಿತ್ತು ಬಂದದ್ದರಿಂದ ನಂಬಿಕೆ ಹುಟ್ಟಲಿಲ್ಲ. ಹಳೆಯ ಗಾಡಿಯನ್ನು ಪ್ರೀತಿಯಿಂದ ಉಳಿಸಿಕೊಳ್ಳುವವರಿಗೆ ಹೊಸ ಡಬ್ಬಿಯಲ್ಲಿ ಇಂಥದ್ದನ್ನು ಮಾರುವುದು ಅನ್ಯಾಯ.

ಕಂಡೆನ್ಸರ್ ಎಂದರೂ ಕೆಪಾಸಿಟರ್ ಎಂದರೂ ಒಂದೇ ಆದ್ದರಿಂದ, ಅದರ ಬದಲಿಗೆ ಗೆಳೆಯ ಮೊದಲು ಫ್ಯಾನಿನ ಕೆಪಾಸಿಟರ್ ಎತ್ತಿಕೊಂಡಿದ್ದ. ಅದು 2.5 ಮೈಕ್ರೋಫ್ಯಾರಡ್, ನಮಗೆ ಬೇಕಾದದ್ದರ ಹತ್ತು ಪಟ್ಟಿಗಿಂತ ಹೆಚ್ಚು. ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಸಿಕ್ಕಿತು. ಬೆಲೆ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿಗಿಂತ ಕಡಿಮೆ. ಅದನ್ನು ಎಂಜಿನ್ನಿನ ಬಿಸಿಯಿಂದ ದೂರಕ್ಕೆ, ಟ್ಯಾಂಕಿನ ಕೆಳಗೆ ಕಾಯಿಲಿನ ಪಕ್ಕಕ್ಕೆ ಒಯ್ದೆವು. ಒಂದು ಕಾಲನ್ನು ಪಾಯಿಂಟ್ಸ್‌ನಿಂದ ಬರುವ ವೈರು ಕಾಯಿಲಿಗೆ ಸೇರುವಲ್ಲಿ, ಇನ್ನೊಂದನ್ನು ಬಣ್ಣ ಕೆರೆದ ಫ್ರೇಮಿಗೆ ಬೆಸೆದು, ಅಲುಗಾಟಕ್ಕೆ ಕಾಲು ಮುರಿಯದಂತೆ ಎಪಾಕ್ಸಿ ತುಂಬಿದ ಸಣ್ಣ ಡಬ್ಬಿಯಲ್ಲಿ ಕೂರಿಸಿದೆವು. ಹೊಸ ಪಾಯಿಂಟ್ಸ್ ಹಾಕಿ ಅಂತರವನ್ನು 0.4 ಮಿಲಿಮೀಟರಿಗೆ ಹೊಂದಿಸಿದೆವು.

ಗಾಡಿ ತಣ್ಣಗಾಗಲೆಂದು ಬೇವಿನ ಮರದಡಿ ಕಾಯುತ್ತಿದ್ದ ದಿನಗಳಲ್ಲಿಯೇ ಮುಂದಿನ ಪ್ರವಾಸದ ನಕ್ಷೆಯೂ ಸಿದ್ಧವಾಗಿದೆ. ಜಗಳೂರಿನ ಮೇಲಿಂದ ಮೊಳಕಾಲ್ಮೂರಿಗೆ ಹೋಗಿ, 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಒಂದೇ ದಿನ ನೋಡಿ ಬರಬೇಕು. ಆ ಬಿಸಿಲುಸೀಮೆಯ ದಾರಿ ಈ ಕೆಪಾಸಿಟರಿಗೆ ನಿಜವಾದ ಪರೀಕ್ಷೆ.

ಭಾನುವಾರ ಬೇಕೆಂದೇ ಹನ್ನೊಂದು ಗಂಟೆಯ ಬಿಸಿಲಿಗೆ ಹೊರಟೆವು. ಮೆಕ್ಕೆಜೋಳದ ಸಾಲಿನ ಪಕ್ಕದಲ್ಲಿ ಎರಡನೇ ಗೇರಿನಲ್ಲಿಯೇ ಸಾಗಿದೆ. ಹೊಳಲ್ಕೆರೆಯ ಅಡಿಕೆ ತೋಟಗಳ ನಡುವೆ ಎಂಜಿನ್ ಕೆಮ್ಮಬಹುದೆಂದು ಕಿವಿಯಿಟ್ಟು ಕಾದೆ. ಕೆಮ್ಮಲಿಲ್ಲ. ಹೊಸದುರ್ಗದಲ್ಲಿ ಊಟ ಮಾಡಿ ಹೊರಟಾಗ ಬಿಸಿ ಎಂಜಿನ್ ಒಂದೇ ಕಿಕ್‌ಗೆ ಎದ್ದಿತು. ರಾತ್ರಿ ಮನೆಯ ಮುಂದೆ ಕವರ್ ಬಿಚ್ಚಿ, ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗಲೇ ಪಾಯಿಂಟ್ಸ್ ನೋಡಿದೆವು. ಅಲ್ಲಿ ಕತ್ತಲೆಯೇ ಇತ್ತು.

ಇನ್ನು ಚೈನ್ ಮತ್ತು ಹಿಂದಿನ ಸ್ಪ್ರಾಕೆಟ್ ಬದಲಿಸುವುದಷ್ಟೇ ಉಳಿದಿದೆ. ಅಂಗಡಿಯ ಕೆಲಸ ನೋಡಿಕೊಳ್ಳಲು ಗೆಳೆಯನ ತಮ್ಮ ಒಪ್ಪಿದ್ದಾನೆ. ಸಂಕ್ರಾಂತಿ ಕಳೆದ ಮೊದಲ ಶನಿವಾರ ಬೆಳಿಗ್ಗೆ ಐದಕ್ಕೆ ಮಾಯಕೊಂಡದ ದಾರಿ ಹಿಡಿಯುತ್ತೇವೆ.